ಹ್ವಾಯ್ ಎಂಬ ಭಾಷೆ

ಬಿಜೂರು
೯ ಫೆಬ್ರವರಿ ೨೦೨೫

ಅನಿಷಾ ಮಾರಾಯ್ತಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಹಾಗೆ ಇದನ್ನು ಮೇಲ್‌ನಲ್ಲೇ ಬರೆಯುತ್ತಿದ್ದೇನೆ. ಕಂಪ್ಯೂಟರಿಗೆ ಕೊಡುವ ಕಮಾಂಡನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದು ಎರಡು ಅಡ್ಡಗೆರೆಯನ್ನು ಸೇರಿಸಿ ಒಂದು ಮಾಡುತ್ತದಂತೆ, ಆಮೇಲೆ ಕಂಪ್ಯೂಟರಿನಿಂದ ಬೈಗುಳ ತಿನ್ನುವವಳು ನಾನಂತೆ. ಆಯಿತು. ಆದರೆ ಬರೆಯಲು ಕೂತರೆ ಪುಸ್ತಕದ ಕನ್ನಡವೇ ಬರುತ್ತದೆ ಕಾಣ್. ಕುಂದಾಪುರದ ಹಾಸ್ಟೆಲಿನಲ್ಲಿ ಮೂರು ವರ್ಷ ಎರಡು ಮಂಚದ ನಡುವೆ ಮಾತಾಡಿದವರಿಗೆ ಇದೆಲ್ಲ ಬೇಕಿತ್ತಾ?

ವಿಷಯ ಇಷ್ಟು. ನಾನು ಕೆಲಸ ಮಾಡುವ ಗೇರುಬೀಜದ ಕಾರ್ಖಾನೆಯ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಮೂಲೆಗೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪನ್ನು ಮ್ಯಾನೇಜರ್ ಪ್ರೇಮಾನಂದಣ್ಣ ನನಗೆ ಕೊಟ್ಟರು. ಆನ್ ಮಾಡಿ ಚಾಯ ಕುಡಿದು ಬಂದರೂ ಅದರ ಚಕ್ರ ತಿರುಗುತ್ತಲೇ ಇರುತ್ತದೆ. ಒಳಗಿನ ಫ್ಯಾನ್ ಅರೆಯುವ ಕಲ್ಲಿನ ಹಾಗೆ ಮಾಡುವ ಶಬ್ದ ಕೇಳಿ ನಮ್ಮ ಪದ್ದು ಅಜ್ಜಿ ಒಳಗಿಂದ ಕೂಗಿದರು, "ಹೆಣೆ, ಅದ್ರಂಗೆ ಎಂತ ಕಡೂಕ್ ಹಾಕಿದ್ದೆ?"

ಇಂಥ ಮುದಿ ಯಂತ್ರಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದರೆ ಎದ್ದು ಓಡುತ್ತದೆ ಎಂದು ನೀನು ಎಂದೋ ಹೇಳಿದ್ದೆ. ಆಗ ನಾನು ನಕ್ಕಿದ್ದೆ. ಈಗ ಹೇಳಿಕೊಡು. ನಾನು ಬಿ.ಕಾಂ. ಅಂತ ನೆನಪಿಟ್ಟುಕೊಂಡು ಹೇಳು. ನಿನ್ನ ಹಾಗೆ ಎಂ.ಸಿ.ಎ. ಮಾಡಿ ಬ್ರಹ್ಮಾವರದ ಕಾಲೇಜಿನಲ್ಲಿ ಮೇಡಂ ಅನ್ನಿಸಿಕೊಂಡವಳಲ್ಲ.

ಇದರಲ್ಲಿ ಹೊಟ್ಟೆಕಿಚ್ಚು ಇದೆಯಾ ಅಂತ ಕೇಳಬೇಡ. ಇದೆ.

ನಿನ್ನ
ಪ್ರಣೀತಾ


ಬ್ರಹ್ಮಾವರ
೧೧ ಫೆಬ್ರವರಿ ೨೦೨೫

ಪ್ರಿಯ ಪ್ರಣೀತಾ,

ನೀನು ನನ್ನಲ್ಲಿ ಏನನ್ನಾದರೂ ಹೇಳಿಕೊಡು ಎಂದು ಕೇಳಿದ್ದು ಇದೇ ಮೊದಲು. ಹಾಸ್ಟೆಲಿನಲ್ಲಿ ಹಾಡಿಗೆ ನೀನು, ನಾಟಕಕ್ಕೆ ನೀನು, ವಾರ್ಡನ್ ಹತ್ತಿರ ರಜೆ ಕೇಳಲೂ ನೀನು. ನಾನು ಹಿಂದೆ ನಿಂತು ಚಪ್ಪಲಿ ನೋಡುತ್ತಿದ್ದವಳು. ಆದ್ದರಿಂದ ನಿನ್ನ ಮೇಲ್ ಎರಡು ಸಲ ಓದಿದೆ.

ಲಿನಕ್ಸಿನಲ್ಲಿ ಹಲವು ಬಗೆ, ಹೊಸಬರಿಗೆ ಮಿಂಟ್ ಎಂಬುದು ಸಾಕು. ಒಂದು ಪೆನ್‌ಡ್ರೈವ್ ತಗೊಂಡು ಅದರಲ್ಲಿ ಮಿಂಟ್ ಬರೆಯಬೇಕು. ಬರೆಯುವ ತಂತ್ರಾಂಶದ ಕೊಂಡಿ ಕೆಳಗೆ ಕೊಟ್ಟಿದ್ದೇನೆ. ಲ್ಯಾಪ್‌ಟಾಪ್ ಏಳುವಾಗ ಎಫ್ ಹನ್ನೆರಡು ಒತ್ತುತ್ತಾ ಇರು. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡು, ಮನೆಗೆ ಹೆಣ್ಣು ತರುವ ಮೊದಲು ಹೋಗಿ ನೋಡಿ ಬಂದ ಹಾಗೆ. ಹಿಡಿಸಿದರೆ ಮಾತ್ರ ಡಿಸ್ಕಿಗೆ ಹಾಕು.

ಪಾಸ್‌ವರ್ಡ್ ಕೇಳಿದಾಗ ನೀನು ಒತ್ತಿದ್ದು ಪರದೆಯ ಮೇಲೆ ಕಾಣುವುದಿಲ್ಲ, ಒಂದು ಚುಕ್ಕಿ ಕೂಡ. ಕೀಬೋರ್ಡ್ ಹಾಳಾಯಿತು ಎಂದು ಅದನ್ನು ಕುಟ್ಟಬೇಡ. ಒತ್ತಿ ಎಂಟರ್ ಹೊಡಿ. ಇನ್ನು ಸುಡೊ ಎಂದರೆ ದೊಡ್ಡವರ ಅಪ್ಪಣೆ. ಅದನ್ನು ಮುಂದೆ ಇಟ್ಟು ಏನು ಹೇಳಿದರೂ ಲಿನಕ್ಸ್ ಮರುಮಾತಾಡದೆ ಮಾಡುತ್ತದೆ, ಮನೆ ಒಡೆ ಅಂದರೆ ಮನೆಯನ್ನೂ. ಆದ್ದರಿಂದ ಸುಡೊ ಬರೆದ ಮೇಲೆ ಒಮ್ಮೆ ಉಸಿರು ತಗೊಂಡು ಓದಿ ಮುಂದೆ ಹೋಗು.

ಎಲ್ಲಿ ಸಿಕ್ಕಿಕೊಂಡರೂ ನನಗೆ ಬರಿ. ಬೇರೆಯವರನ್ನು ಕೇಳಬೇಡ, ಎಲ್ಲರೂ ಒಂದೊಂದು ಹೇಳುತ್ತಾರೆ.

ನಿನ್ನ ಮೇಡಂ,
ಅನಿಷಾ


ಬಿಜೂರು
೨ ಮಾರ್ಚ್ ೨೦೨೫

ಅನಿಷಾ ಮೇಡಂ,

ಎದ್ದು ಓಡಿತು! ಓಡುವ ಮೊದಲು ನನ್ನನ್ನು ಅಳಿಸಿತು, ಅದು ಬೇರೆ.

ವೈಫೈ ಕಾಣಲೇ ಇಲ್ಲ. ನಿನಗೆ ಕರೆ ಮಾಡಿದಾಗ ಹೇಳಿದ ಹಾಗೆ ಫೋನನ್ನು ವಯರಿನಲ್ಲಿ ಸಿಕ್ಕಿಸಿ ಅದರ ನೆಟ್ಟಿನಲ್ಲಿ ವೈಫೈಗೆ ಬೇಕಾದ ಡ್ರೈವರ್ ತಂತ್ರಾಂಶ ಇಳಿಸಿದೆ. ಆಮೇಲೆ ಬಂತು. ನನ್ನ ಅಣ್ಣ ಮಿಥುನ್ ಪಕ್ಕದಲ್ಲಿ ನಿಂತು, "ಇಷ್ಟ್ ಕಷ್ಟ ಪಡೂದ್ ಎಂತಕ್ಕೆ, ಅಂಗಡಿಗೆ ಕೊಡೂಕಾತಿಲ್ಯಾ?" ಅಂದ. ಕೊಡಬಹುದಿತ್ತು. ಆದರೆ ಪರದೆಯ ಮೇಲೆ ನಾನು ಬರೆದ ಸಾಲಿಗೆ ಅದು ಉತ್ತರ ಕೊಟ್ಟಾಗ ಆದ ಖುಷಿ ಅಂಗಡಿಯಲ್ಲಿ ಸಿಗುತ್ತದಾ?

ವಿಮ್ ಎಂದರೆ ಪಾತ್ರೆ ತಿಕ್ಕುವ ಸೋಪು ಅಂದುಕೊಂಡಿದ್ದೆ. ಲಿನಕ್ಸಿನಲ್ಲಿ ಅದು ಅಕ್ಷರ ಬರೆಯುವ ಪ್ರೋಗ್ರಾಮಂತೆ. ಯಾವುದೋ ಪುಟ ನೋಡಿ ಒಳಗೆ ಹೋದೆ, ಹೊರಗೆ ಬರುವ ದಾರಿ ಸಿಗಲಿಲ್ಲ. ಎಸ್ಕೇಪ್ ಒತ್ತಿದೆ, ಕ್ಯೂ ಒತ್ತಿದೆ, ಮಂತ್ರ ಹೇಳಿದೆ. ಕೊನೆಗೆ ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ಕಿತ್ತೆ. ನಗಬೇಡ. ನಿನಗೂ ಮೊದಲ ಸಲ ಹಾಗೇ ಆಗಿರಬೇಕು. ಆಗಿಲ್ಲ ಅಂದರೆ ಹೇಳಬೇಡ.

ಈಗ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು. ಯಾವುದು? ಹೆಸರುಗಳು ಮಾತ್ರ ಗೊತ್ತು, ಗುಣ ಗೊತ್ತಿಲ್ಲ.

ಪ್ರಣೀತಾ


ಬ್ರಹ್ಮಾವರ
೫ ಮಾರ್ಚ್ ೨೦೨೫

ಪ್ರಿಯ ಶಿಷ್ಯೆ,

ವಿಮ್‌ನಿಂದ ಹೊರಬರಲು ನಾನು ಏನು ಮಾಡಿದೆ ಎಂದು ಹೇಳುವುದಿಲ್ಲ. ಬ್ಯಾಟರಿ ಮಾತ್ರ ಕಿತ್ತಿರಲಿಲ್ಲ.

ಗುಣ ಕೇಳಿದ್ದೀ, ಹೇಳುತ್ತೇನೆ. ಸಿ ಎಂದರೆ ಹಳೇ ಕಾಲದ ಮಾವ. ಏನು ಮಾಡಿದರೂ ತಡೆಯುವುದಿಲ್ಲ, ಬಾವಿಯ ಕಟ್ಟೆ ಹತ್ತಿದರೂ ಸುಮ್ಮನೆ ನೋಡುತ್ತಾನೆ. ಬಿದ್ದ ಮೇಲೂ ಎಲ್ಲಿ ಬಿದ್ದೆ ಎಂದು ಹೇಳುವುದಿಲ್ಲ. ಜಾವಾ ಎಂದರೆ ಮದುವೆ ಕಾಗದ. ಹುಡುಗನ ಹೆಸರು ಹೇಳುವ ಮೊದಲು ದೇವರು, ಕುಲ, ಅಜ್ಜ, ಅಜ್ಜಿ, ಬರುವವರು, ಬಯಸುವವರು ಎಲ್ಲ ಆಗಬೇಕು. ಜಾವಾಸ್ಕ್ರಿಪ್ಟಿಗೂ ಜಾವಾಕ್ಕೂ, ಗೋಳಿಮರಕ್ಕೂ ಚಾಯದ ಜೊತೆ ತಿನ್ನುವ ಗೋಳಿಬಜೆಗೂ ಇರುವಷ್ಟೇ ನೆಂಟಸ್ತನ. ಅದಕ್ಕೆ ಒಂದಕ್ಕೆ ಒಂದು ಕೂಡಿಸು ಎಂದರೆ ಕೆಲವೊಮ್ಮೆ ಎರಡು ಎನ್ನುತ್ತದೆ, ಕೆಲವೊಮ್ಮೆ ಹನ್ನೊಂದು ಎನ್ನುತ್ತದೆ, ಎರಡನ್ನೂ ನಾಚಿಕೆ ಇಲ್ಲದೆ. ಪೈಥಾನ್ ಬಾಳೆಲೆ ಊಟದ ಹಾಗೆ. ಉಪ್ಪಿನ ಜಾಗದಲ್ಲಿ ಉಪ್ಪು, ಪಲ್ಯದ ಜಾಗದಲ್ಲಿ ಪಲ್ಯ. ಒಂದು ಬೆರಳು ಆಚೆ ಬಡಿಸಿದರೆ ಊಟವೇ ನಿಲ್ಲುತ್ತದೆ.

ನೀನು ಪೈಥಾನ್ ಕಲಿ. ನಿಧಾನ. ನನ್ನ ಕ್ಲಾಸಿನ ಮಕ್ಕಳಿಗೆ ಇದನ್ನು ಕಲಿಸಲು ಒಂದು ಸೆಮಿಸ್ಟರ್ ಬೇಕಾಗುತ್ತದೆ. ನೀನು ಕೆಲಸ ಮಾಡಿಕೊಂಡು ಕಲಿಯುವವಳು, ವರ್ಷ ಅಂತ ಇಟ್ಟುಕೋ. ಅವಸರ ಮಾಡಬೇಡ.

ಅನಿಷಾ


ಬಿಜೂರು
೨೭ ಏಪ್ರಿಲ್ ೨೦೨೫

ಅನಿಷಾ,

ಇಷ್ಟು ದಿನ ಬರೆಯಲಿಲ್ಲ ಅಂತ ಸಿಟ್ಟಾ? ಬರೆಯಲು ಆಗದಷ್ಟು ಕೆಲಸ ಹಚ್ಚಿಕೊಂಡಿದ್ದೆ. ಕೇಳು.

ಕುಂದಾಪುರದಲ್ಲಿ ಉಲ್ಲಾಸ್ ಅಂತ ಒಬ್ಬರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಕೀಬೋರ್ಡಿನ ಕೀಲಿ ಸಡಿಲ ಆಯಿತು ಅಂತ ಲ್ಯಾಪ್‌ಟಾಪ್ ತಗೊಂಡು ಹೋದೆ. ಮಿಂಟ್ ಕಂಡದ್ದೇ ಅವರು ಕುರ್ಚಿ ಎಳೆದು ಕೂರಿಸಿದರು. ಭಾನುವಾರ ಅವರ ಅಂಗಡಿಯ ಹಿಂದೆ ನಾಲ್ಕೈದು ಜನ ಸೇರಿ ಲಿನಕ್ಸ್ ಮಾತಾಡುತ್ತಾರೆ. ಈಗ ನಾನೂ ಹೋಗುತ್ತೇನೆ. ಪೈಥಾನಿಗೆ ಪುಸ್ತಕ ಬೇಡ, ಏನಾದರೂ ಮಾಡಲು ಹೊರಡಿ, ಕಲಿಯುವುದು ತನ್ನಿಂದ ತಾನೇ ಆಗುತ್ತದೆ ಅಂತ ಉಲ್ಲಾಸ್ ಹೇಳಿದರು. ಹಾಗಾಗಿ ಮಾಡಲು ಹೊರಟೆ.

ಏನು ಗೊತ್ತಾ? ನಮ್ಮ ಭಾಷೆಯಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆ! ಹೆಸರು ಹ್ವಾಯ್. ಪರದೆಯ ಮೇಲೆ ಏನಾದರೂ ತೋರಿಸಬೇಕಾದರೆ ಮೊದಲು "ಹ್ವಾಯ್" ಅಂತ ಕರೆಯಬೇಕು, ಕರೆಯದೆ ಹೇಳಿದರೆ ಯಾರು ಕೇಳುತ್ತಾರೆ? ಷರತ್ತಿಗೆ "ಹೌದಾರೆ", ಅಲ್ಲದಿದ್ದರೆ "ಇಲ್ದಿರೆ". ಆಗುತ್ತದೋ ಇಲ್ಲವೋ ನೋಡುವ ಎಂಬ ಕೆಲಸಕ್ಕೆ "ಕಾಂಬ". ಮುಗಿಸಲು "ಸಾಕ್". ಒಳಗೆ ಎಲ್ಲಾ ಪೈಥಾನೇ, ಮೇಲೆ ನಮ್ಮ ಅಂಗಿ.

ತಪ್ಪು ಮಾಡಿದರೆ ಬೈಯುವುದು ಪದ್ದು ಅಜ್ಜಿ. ಅವರು ದಿನಾ ನನಗೂ ಅಣ್ಣನಿಗೂ ಬೈಯುವುದನ್ನು ಫೋನಿನಲ್ಲಿ ಹಿಡಿದು ಹಾಕಿದ್ದೇನೆ. "ಸಾಕ್" ಬರೆಯಲು ಮರೆತರೆ, "ಶುರು ಮಾಡೂಕ್ ಗೊತ್ತಿತ್, ಮುಗ್ಸೂಕ್ ಗೊತ್ತಿಲ್ಯಾ?" ಅನ್ನುತ್ತಾರೆ. ಸೊನ್ನೆಯಿಂದ ಭಾಗಿಸಿದರೆ, "ಮನೆಯಂಗೆ ಯಾರೂ ಇಲ್ಲೆ, ಪಾಲ್ ಯಾರಿಗ್ ಮಾಡ್ತೆ?" ಅನ್ನುತ್ತಾರೆ. ಭಾನುವಾರ ಅಂಗಡಿಯಲ್ಲಿ ತೋರಿಸಿದೆ. ಉಲ್ಲಾಸ್ ನಕ್ಕು ನಕ್ಕು ಕೆಮ್ಮಿದರು. ಇದನ್ನು ಎಲ್ಲರಿಗೂ ತೋರಿಸಬೇಕು ಅಂತ ಉಲ್ಲಾಸ್ ಹೇಳುತ್ತಾರೆ.

ಒಂದು ವರ್ಷ ಬೇಕು ಅಂದಿದ್ದೆಯಲ್ಲ ಮೇಡಂ, ನೋಡು!

ಪ್ರಣೀತಾ


ಬ್ರಹ್ಮಾವರ
೯ ಮೇ ೨೦೨೫

ಪ್ರಣೀತಾ,

ಮೌಲ್ಯಮಾಪನದ ಕೆಲಸವಿತ್ತು, ಆದ್ದರಿಂದ ತಡವಾಯಿತು.

ಚೆನ್ನಾಗಿದೆ. ಆದರೆ ಇದನ್ನು ಭಾಷೆ ಎನ್ನುವುದು ಸರಿಯಲ್ಲ. ಪೈಥಾನಿನ ಪದಗಳನ್ನು ಬದಲಿಸಿದ್ದೀ, ಅಷ್ಟೇ. ನಿಜವಾಗಿ ಭಾಷೆ ಕಟ್ಟಲು ವ್ಯಾಕರಣ ಬೇರೆ ಬರೆಯಬೇಕು, ಅದು ಎಂ.ಸಿ.ಎ. ಎರಡನೇ ವರ್ಷದ ಪಾಠ. ತಮಾಷೆಗೆ ಮಾಡಿದ್ದಾದರೆ ಅಡ್ಡಿಯಿಲ್ಲ. "ಹೌದಾರೆ" ಒಳಗೆ ಮತ್ತೊಂದು "ಹೌದಾರೆ" ಹಾಕಿದರೆ ನಿನ್ನದು ತಪ್ಪುತ್ತದೆ, ನೀನು ಕಳಿಸಿದ ಫೋಟೋದಲ್ಲಿನ ಸಾಲು ಓದಿದರೇ ಗೊತ್ತಾಗುತ್ತದೆ.

ನಿನ್ನ ಪತ್ರದಲ್ಲಿ ಉಲ್ಲಾಸರ ಹೆಸರು ಎಷ್ಟು ಸಲ ಇದೆ ಎಂದು ಎಣಿಸಿದೆ. ನಾಲ್ಕು ಸಲ. ನನ್ನದು ಒಂದೇ ಸಲ, ಅದು ಪತ್ರದ ತಲೆಯಲ್ಲಿ. ಬೇರೆಯವರನ್ನು ಕೇಳಬೇಡ ಎಂದು ನಾನು ಬರೆದದ್ದು ನಿನಗೆ ನೆನಪಿಲ್ಲವೆಂದು ಕಾಣುತ್ತದೆ.

ಅಜ್ಜಿಯ ಆರೋಗ್ಯ ಹೇಗಿದೆ?

ಅನಿಷಾ


ಬಿಜೂರು
೨೧ ಜೂನ್ ೨೦೨೫

ಅನಿಷಾ,

ನಿನ್ನ ಪತ್ರ ಓದಿ ಒಂದು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ "ಹೌದಾರೆ" ಒಳಗಿನ "ಹೌದಾರೆ" ಸರಿ ಮಾಡಿದೆ. ನೀನು ಹೇಳಿದ್ದು ನಿಜವೇ ಆಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂದದ್ದು.

ಭಾನುವಾರದ ಗುಂಪಿನ ಚಂದನಾ ಹ್ವಾಯ್‌ನ ವಿಡಿಯೋ ಮಾಡಿ ಹಾಕಿದಳು. ಬೆಂಗಳೂರು, ಮುಂಬೈ, ದುಬೈಯಲ್ಲಿರುವ ನಮ್ಮೂರವರೆಲ್ಲ ಅಜ್ಜಿಯ ಬೈಗುಳ ಕೇಳಿ ಕೇಳಿ ಕಳಿಸುತ್ತಿದ್ದಾರೆ. ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ನನ್ನನ್ನು ನಿಲ್ಲಿಸಿ, "ನೀವ್ ಹ್ವಾಯ್ ಅಲ್ದಾ?" ಅಂದರು. ನಾನು ಹೌದು ಅಂದೆ. ಹೆಸರು ಹೇಳಲು ನಾಚಿಕೆ ಆಯಿತು.

ಈಗ ಅವಸರದ ವಿಷಯ. ಉಲ್ಲಾಸರ ಅಂಗಡಿಯಲ್ಲಿ ಹೊಸ ವೇಗದ ಡಿಸ್ಕ್ ಹಾಕಿಸಿದೆ. ಹಳೆಯದನ್ನೂ ಒಳಗೇ ಇಟ್ಟಿದ್ದಾರೆ. ಹೊಸದರಲ್ಲಿ ಮಿಂಟ್ ಹೊಸದಾಗಿ ಹಾಕಬೇಕು. ಪೆನ್‌ಡ್ರೈವ್ ಸಿಕ್ಕಿಸಿದೆ, ಎಲ್ಲಾ ಸರಿ. ಈಗ ಯಾವ ಡಿಸ್ಕ್ ಅಳಿಸಲಿ ಅಂತ ಕೇಳುತ್ತದೆ. ಒಂದು ಎಸ್‌ಡಿಎ, ಇನ್ನೊಂದು ಎಸ್‌ಡಿಬಿ. ಎರಡೂ ಒಂದೇ ಅಳತೆಯವು. ಹಳೆಯದರಲ್ಲಿ ಹ್ವಾಯ್ ಇದೆ, ಅಜ್ಜಿಯ ದನಿ ಎಲ್ಲಾ ಇದೆ. ಫೋನ್ ಹಾಳಾಗಿ ಹೊಸದು ತಗೊಂಡ ಮೇಲೆ, ವಿಡಿಯೋದಲ್ಲಿರುವ ಎರಡು ಮೂರು ಬೈಗುಳ ಬಿಟ್ಟರೆ ಬೇರೆ ಎಲ್ಲೂ ಇಲ್ಲ.

ಬೆಳಿಗ್ಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ, ಕ್ಲಾಸಿನಲ್ಲಿರಬೇಕು. ಉಲ್ಲಾಸರಲ್ಲಿ ಕೇಳಬಹುದಿತ್ತು. ಆದರೆ ಇದನ್ನು ಮೊದಲ ಸಲ ಹಾಕಿಸಿದವಳು ನೀನು, ಇದಕ್ಕೆ ನಿನ್ನ ಮಾತೇ ಆಗಬೇಕು. ಒಂದು ಸಾಲು ಬರಿ ಸಾಕು. ಲ್ಯಾಪ್‌ಟಾಪ್ ಹಾಗೇ ತೆರೆದಿಟ್ಟು, ಇದನ್ನು ಫೋನಿನಲ್ಲಿ ಬರೆದು ಕಾಯುತ್ತಿದ್ದೇನೆ.

ಪ್ರಣೀತಾ


ಬಿಜೂರು
೨೩ ಜೂನ್ ೨೦೨೫

ಅನಿಷಾ,

ನಿನ್ನೆ ಇಡೀ ದಿನ ಕಾದೆ. ಸಂಜೆ ಗುಡುಗು ಶುರುವಾಯಿತು, ಬ್ಯಾಟರಿ ನಿಲ್ಲದ ಯಂತ್ರ, ಕರೆಂಟು ಹೋಗುತ್ತದೆ ಅಂತ ಹೆದರಿ ಎಸ್‌ಡಿಎ ಒತ್ತಿದೆ. ಹೊಸದು ಮೊದಲು ಬರುತ್ತದೆ ಅಂದುಕೊಂಡೆ.

ಹಳೆಯದು ಹೋಯಿತು. ಹ್ವಾಯ್ ಹೋಯಿತು. ಇವತ್ತು ಉಲ್ಲಾಸರ ಹತ್ತಿರ ಒಯ್ದೆ, ಅವರು ಏನೇನೋ ಮಾಡಿ ನೋಡಿ ತಲೆ ಅಲ್ಲಾಡಿಸಿದರು. ಮೇಲಿಂದ ಹೊಸತು ಬರೆದುಬಿಟ್ಟಿದೆಯಂತೆ.

ಪ್ರಣೀತಾ


ಬ್ರಹ್ಮಾವರ
೨೪ ಜೂನ್ ೨೦೨೫

ಪ್ರಣೀತಾ,

ಕೇಳಿ ಬೇಸರವಾಯಿತು. ಡಿಸ್ಕ್ ಅಳಿಸುವ ಮೊದಲು ಪ್ರತಿ ತೆಗೆದಿಡಬೇಕು ಎಂಬುದು ನಾವು ಮೊದಲ ತರಗತಿಯಲ್ಲೇ ಹೇಳುವ ಮಾತು. ಇಲ್ಲಿ ನೆಟ್ ಸರಿ ಇರಲಿಲ್ಲ. ಇನ್ನು ಮುಂದೆ ಜಾಗ್ರತೆ.

ಅನಿಷಾ


ಬಿಜೂರು
೨೪ ಜೂನ್ ೨೦೨೫

ಅನಿಷಾ,

ನಾನು ಶನಿವಾರ ಬರೆದದ್ದನ್ನು ನೀನು ಶನಿವಾರವೇ ಓದಿದ್ದೆಯಾ? ಹೌದಾದರೆ ಹೌದು ಅನ್ನು, ಅಲ್ಲದಿದ್ದರೆ ಅಲ್ಲ ಅನ್ನು. ಬೇರೆ ಏನೂ ಬರೆಯಬೇಡ.

ಪ್ರಣೀತಾ


ಬ್ರಹ್ಮಾವರ
೬ ಜುಲೈ ೨೦೨೫

ಪ್ರಣೀತಾ,

ಹೌದು.

ಬೇರೆ ಏನೂ ಬರೆಯಬೇಡ ಎಂದಿದ್ದೀ. ಬರೆಯುತ್ತೇನೆ, ಬೇಕಾದರೆ ಓದದೆ ಬಿಡು.

ಆ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ನಿನ್ನ ಮೇಲ್ ಬಂದ ಕೂಡಲೇ ತೆರೆದೆ. ಉತ್ತರ ನನಗೆ ಗೊತ್ತಿತ್ತು. ಅಳತೆ ನೋಡಬೇಡ, ಡಿಸ್ಕಿನ ಕಂಪೆನಿಯ ಹೆಸರು ನೋಡು, ಅದಕ್ಕೆ ಈ ಕಮಾಂಡ್ ಕೊಡು ಎಂದು ಬರೆದೂ ಆಗಿತ್ತು. ಕಳಿಸು ಒತ್ತುವುದೊಂದು ಬಾಕಿ. ಅಷ್ಟರಲ್ಲಿ ಪ್ರಾಂಶುಪಾಲರು ಫೋನ್ ಹಿಡಿದುಕೊಂಡು ಒಳಗೆ ಬಂದರು. ಅದರಲ್ಲಿ ನಿನ್ನ ಅಜ್ಜಿ ಬೈಯುತ್ತಿದ್ದರು. "ಈ ಪ್ರಣೀತಾ ಅಂಬವರು ನಮ್ಮ ಬದಿಯವರೇ ಅಂಬ್ರು. ಆಸಾಡಿ ಅಮಾಸಿ ದಿನ ಕುಂದಾಪ್ರ ಕನ್ನಡದ ಕಾರ್ಯಕ್ರಮಕ್ಕೆ ಇವ್ರನ್ನೇ ಕರೂವ. ನಿಮ್ಗೆ ಗುರ್ತ ಇತ್ತಾ ಮೇಡಂ?" ಎಂದರು.

ನಾನು ಈ ಕಾಲೇಜಿಗೆ ಬಂದು ಆರನೇ ವರ್ಷ. ಲ್ಯಾಬಿನ ಎಲ್ಲಾ ಯಂತ್ರಗಳಿಗೆ ಲಿನಕ್ಸ್ ಹಾಕಿದವಳು ನಾನು. ಒಂದು ದಿನವೂ ಅವರು ಫೋನ್ ಹಿಡಿದು ನಗುತ್ತಾ ನನ್ನ ಲ್ಯಾಬಿಗೆ ಬಂದದ್ದಿಲ್ಲ. "ಗುರ್ತ ಇತ್ತ್ ಸರ್, ನನ್ನ ಸ್ನೇಹಿತೆ" ಎಂದೆ. ಅವರು ಹೋದರು. ನಾನು ಬರೆದದ್ದನ್ನು ಅಳಿಸಿ ಮೇಲ್ ಮುಚ್ಚಿದೆ.

ಹೋಗಲಿ, ಉಲ್ಲಾಸರನ್ನೇ ಕೇಳಲಿ ಎಂದುಕೊಂಡೆ. ಅವರನ್ನು ಕೇಳುವುದಿಲ್ಲ, ನನಗೇ ಕಾಯುತ್ತೀ ಎಂದು ನೀನು ಬರೆದದ್ದನ್ನು ಓದಿಯೂ ಹಾಗೆ ಅಂದುಕೊಂಡೆ. ಭಾನುವಾರ ಬಸ್ರೂರಿಗೆ ಹೋಗಿ ಅಮ್ಮನ ಜೊತೆ ಮೀನು ಸಾರು ಉಂಡೆ. ನೆಟ್ ಚೆನ್ನಾಗಿಯೇ ಇತ್ತು.

ಕಾಲೇಜಿನ ಆಮಂತ್ರಣ ನಿನಗೆ ಇಷ್ಟರಲ್ಲಿ ತಲುಪಿರಬೇಕು. ಪರಿಚಯ ಭಾಷಣ ನನ್ನದಂತೆ. ನೀನು ಬರುವುದಿಲ್ಲ ಎಂದರೆ ಕಾರಣ ನಾನು ಹೇಳಿಕೊಳ್ಳುತ್ತೇನೆ.

ಅನಿಷಾ


ಬಿಜೂರು
೧೩ ಜುಲೈ ೨೦೨೫

ಅನಿಷಾ,

ಓದಿದೆ. ಓದಿ ಲ್ಯಾಪ್‌ಟಾಪ್ ಮುಚ್ಚಿ ಅಂಗಳಕ್ಕೆ ಹೋಗಿ ತೆಂಗಿನ ಗರಿ ಕಡಿದೆ. ಎಲ್ಲಾ ಕಡಿದು ಮುಗಿದರೂ ಸಿಟ್ಟು ಮುಗಿಯಲಿಲ್ಲ. ಮರೆತಿದ್ದರೆ, ಕೆಲಸ ಇದ್ದಿದ್ದರೆ ಏನೂ ಅನ್ನಿಸುತ್ತಿರಲಿಲ್ಲ. ಬರೆದು ಅಳಿಸಿದೆ ಅಂದೆಯಲ್ಲ, ಅದು.

ಬರುತ್ತೇನೆ. ನಿನಗೋಸ್ಕರ ಅಲ್ಲ.

ಹ್ವಾಯ್ ಮತ್ತೆ ಬರೆಯುತ್ತಿದ್ದೇನೆ. ಮೊದಲಿನದಕ್ಕಿಂತ ಚೆನ್ನಾಗಿಯೇ ಆಗುತ್ತಿದೆ. ವ್ಯಾಕರಣವನ್ನೂ ಬೇರೆ ಬರೆದೆ, ನಿನ್ನ ಎರಡನೇ ವರ್ಷದ ಪಾಠ. ತೊಂದರೆ ಆದದ್ದು ಅಜ್ಜಿಯಿಂದ. ಫೋನ್ ಎದುರು ಹಿಡಿದು ಬೈಯಿರಿ ಅಂದರೆ ಸೆರಗು ಸರಿ ಮಾಡಿಕೊಂಡು, "ಎಂತಕ್ಕೆ ಬಯ್ಲಿ ಮಗಾ, ನೀನ್ ಚಂದ ಹೆಣ್ಣ್" ಅನ್ನುತ್ತಾರೆ. ವಿಡಿಯೋ ಆದ ಮೇಲೆ ಅವರಿಗೂ ಮರ್ಯಾದೆಯ ಪ್ರಶ್ನೆ. ಅಣ್ಣ ಬೇಕೆಂದೇ ಕೆಸರಿನ ಕಾಲಿನಲ್ಲಿ ಒಳಗೆ ಬಂದ, ಅಜ್ಜಿ ಬಟ್ಟೆ ತಂದು ಒರೆಸಿ ಸುಮ್ಮನಾದರು. ನಾನು ಹಾಲು ಉಕ್ಕಿಸಿದೆ, "ಆತ್ ಬಿಡ್, ಹಾಲ್ ಅಲ್ದಾ" ಅಂದರು. ನಮಗೆ ಅಳು ಬಂತು.

ನಿನ್ನೆ ನನ್ನ ಮುಖ ನೋಡಿ ಏನಾಯಿತು ಅಂತ ಕೇಳಿದರು. ಅನಿಷಾ ಹೀಗೆ ಮಾಡಿದಳು ಅಂತ ಎಲ್ಲಾ ಹೇಳಿದೆ. ಅಜ್ಜಿ ನಿನಗೆ ಬೈಯುತ್ತಾರೆ ಅಂದುಕೊಂಡೆ. ತಿರುಗಿ ನನಗೆ ಬೈದರು. "ಅಪ್ಪ ಅಬ್ಬಿ ಕೈ ಹಿಡ್ದ್ ನಡ್ಸಿರಂಗೆ ನಡ್ಸಿದ್ಳ್ ಅವ್ಳ್. ನಡೂಕ್ ಬಂದದ್ದೇ ಅವ್ಳ್ ಎದ್ರಂಗೇ ಕುಣ್ದ್ಯಲ್ಲ, ಒಂದ್ ವರ್ಷ ಅಂದಿದ್ಯಲ್ಲ ಕಾಣ್ ಅಂದೆ ಅಂಬ್ರಲ್ಲ, ನಿಂಗೆ ನಾಚ್ಕಿ ಇಲ್ಯಾ? ಅವ್ಳ್ ಮಾಡದ್ದ್ ತಪ್ಪೇ. ನೀ ಕಮ್ಮಿ ಅಲ್ಲ" ಅಂದರು. ಮತ್ತೂ ಏನೇನೋ ಅಂದರು. ಫೋನಿನಲ್ಲಿ ರೆಕಾರ್ಡ್ ಆನ್ ಮಾಡಲು ಮರೆತೇ ಹೋಯಿತು.

ಅಜ್ಜಿ ಹೇಳಿದ್ದು ಅರ್ಧ ನಿಜ. ನಿನ್ನ ಹೆಸರಿನ ಕೆಳಗೆ ಉಪನ್ಯಾಸಕಿ ಅಂತ ಬರೆದದ್ದನ್ನು ಮೊದಲ ಸಲ ನೋಡಿದ ದಿನ ನಾನು ಅಭಿನಂದನೆ ಕಳಿಸಿ ಫೋನ್ ಬಿಸಾಡಿದ್ದೆ. ನೀನು ಒಂದು ವರ್ಷ ಬೇಕು ಅಂದಾಗ, ಅದಕ್ಕಿಂತ ಮೊದಲೇ ಮಾಡಿ ನಿನಗೆ ತೋರಿಸಬೇಕು ಅಂತಲೇ ಬೆಳಿಗ್ಗೆ ಬೇಗ ಎದ್ದು ಕಲಿತೆ. ಆದರೂ ನಾನು ನಿನ್ನದೇನನ್ನೂ ಅಳಿಸಲಿಲ್ಲ. ಅದು ನೆನಪಿರಲಿ.

ಪ್ರಣೀತಾ


ಬಿಜೂರು
೨೬ ಜುಲೈ ೨೦೨೫

ಅನಿಷಾ,

ಮೊನ್ನೆ ಕಾರ್ಯಕ್ರಮ ಮುಗಿದ ಮೇಲೆ ನಿನ್ನನ್ನು ಹುಡುಕಿದೆ. ನೀನು ಲ್ಯಾಬಿಗೆ ಬೀಗ ಹಾಕಿ ಹೋಗಿದ್ದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಸ್ಟೇಜಿನ ಮೇಲೆ ನೀನು ಮೈಕ್ ಹಿಡಿದು, "ಪ್ರಣೀತಾ ನನ್ನ ವಿದ್ಯಾರ್ಥಿನಿ" ಅಂದೆ. ಸ್ನೇಹಿತೆ ಅನ್ನಲಿಲ್ಲ. ಎದುರು ಕೂತವರೆಲ್ಲ ನನ್ನನ್ನು ಬಿಟ್ಟು ನಿನ್ನನ್ನು ನೋಡಿದರು. ನಿನ್ನ ಪ್ರಾಂಶುಪಾಲರೂ ನೋಡಿದರು. ಎಂಥ ಹೆಣ್ಣು ನೀನು! ಅಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. ಅಲ್ಲ ಅಂದರೆ ಸುಳ್ಳಾಗುತ್ತಿತ್ತು. ಮುಚ್ಚಿದೆ.

ಆಮೇಲೆ ಹ್ವಾಯ್ ಓಡಿತು, ವಿಡಿಯೋದಿಂದ ತೆಗೆದ ಎರಡು ಮೂರು ಬೈಗುಳದಲ್ಲೇ ಅಜ್ಜಿ ಬೈದರು, ಮಕ್ಕಳು ನಕ್ಕರು, ಬೆಂಚು ಕುಟ್ಟಿದರು. ನೀನು ಗೋಡೆಗೆ ಒರಗಿ ನಿಂತಿದ್ದೆ. ಎಲ್ಲರೂ ನಗುವಾಗ ನೀನು ನಗದೆ ಪರದೆಯ ಮೇಲಿನ ಸಾಲು ಓದುತ್ತಿದ್ದೆ. ಎಲ್ಲಿ ತಪ್ಪು ಸಿಗುತ್ತದೆ ಅಂತ ಹುಡುಕುತ್ತಿದ್ದೆ ಅಲ್ಲವಾ? ಸಿಕ್ಕಿತಾ? ಇಷ್ಟು ಜನರ ಚಪ್ಪಾಳೆಯ ನಡುವೆ ನನಗೆ ಬೇಕಾಗಿದ್ದದ್ದು ಅದೊಂದೇ ಉತ್ತರ, ಅದು ಬೇಕಾಯಿತು ಎಂಬುದೇ ನನಗೆ ಸಹಿಸಲಾಗದ ಸಂಗತಿ.

ಶನಿವಾರ ಶನಿವಾರ ಬಂದು ಮಕ್ಕಳಿಗೆ ಕಲಿಸುತ್ತೀರಾ ಅಂತ ನಿಮ್ಮ ಪ್ರಾಂಶುಪಾಲರು ಕೇಳಿದರು. ಅದು ಅನಿಷಾಳ ಲ್ಯಾಬು, ಅವಳನ್ನು ಕೇಳಿ ಅಂದೆ. ದೊಡ್ಡ ಮನಸ್ಸಿನಿಂದ ಹೇಳಿದ್ದು ಅಂದುಕೊಳ್ಳಬೇಡ. ನೀನು ಏನು ಹೇಳುತ್ತೀ ಅಂತ ನೋಡಬೇಕಿತ್ತು.

ಪ್ರಣೀತಾ


ಬ್ರಹ್ಮಾವರ
೫ ಆಗಸ್ಟ್ ೨೦೨೫

ಪ್ರಣೀತಾ,

ತಪ್ಪು ಸಿಗಲಿಲ್ಲ. ಮನೆಗೆ ಬಂದು ನೀನು ನೆಟ್ಟಿನಲ್ಲಿ ಹಾಕಿದ ಪ್ರತಿಯನ್ನು ಇಳಿಸಿಕೊಂಡು ಸಾಲು ಸಾಲು ಓದಿದೆ, ಆಗಲೂ ಸಿಗಲಿಲ್ಲ. ಒಂದು ಕಡೆ ನಾನು ಮಾಡಿದ್ದರೆ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಯಾವ ಕಡೆ ಎಂದು ಹೇಳುವುದಿಲ್ಲ.

ವಿದ್ಯಾರ್ಥಿನಿ ಎಂದದ್ದು ಬೇಕೆಂದೇ. ಬರೆದುಕೊಂಡು ಬಂದ ಕಾಗದದಲ್ಲಿ ಸ್ನೇಹಿತೆ ಎಂದೇ ಇತ್ತು. ನಿನ್ನ ಹೆಸರು ಕೇಳಿದೊಡನೆ ಮಕ್ಕಳು ಎದ್ದು ನಿಂತು ಕೂಗಿದ್ದು ಕೇಳಿ ಬಾಯಿಗೆ ಅದು ಬಂತು.

ಪ್ರಾಂಶುಪಾಲರು ನನ್ನನ್ನು ಕರೆದು ಕೇಳಿದರು. "ನಿಮ್ಗೆ ಬ್ಯಾಡ ಅಂದ್ರೆ ಬ್ಯಾಡ ಮೇಡಂ, ಲ್ಯಾಬ್ ನಿಮ್ದ್" ಎಂದರು. ನಾಳೆ ಹೇಳುತ್ತೇನೆ ಎಂದೆ. ಆ ದಿನವಿಡೀ ಕಾರಣ ಹುಡುಕಿದೆ. ಯಂತ್ರಗಳು ಹಳೆಯವು. ಶನಿವಾರ ಮಕ್ಕಳು ನಿಲ್ಲುವುದಿಲ್ಲ. ಬಿಜೂರಿನಿಂದ ಬಂದು ಹೋಗುವುದು ಕಷ್ಟ, ಪಾಪ. ಒಂದೂ ಗಟ್ಟಿ ಇರಲಿಲ್ಲ. ಕೊನೆಗೆ ಗಟ್ಟಿಯಾದದ್ದು ಒಂದು ಸಿಕ್ಕಿತು. ಅವಳಿಗೆ ಕಂಪ್ಯೂಟರ್ ಡಿಗ್ರಿ ಇಲ್ಲ, ನಾಳೆ ಯಾರಾದರೂ ಕೇಳಿದರೆ ಕಾಲೇಜಿಗೆ ತೊಂದರೆ. ಇದಕ್ಕೆ ಅವರು ಎದುರು ಮಾತಾಡಲಾರರು ಎಂದು ಗೊತ್ತಿತ್ತು. ಆ ವಾಕ್ಯವನ್ನು ಮನಸ್ಸಿನಲ್ಲಿ ಚಂದ ಮಾಡಿಕೊಂಡು ಅವರ ಕೋಣೆಗೆ ಹೋದೆ.

ಅವರು ಏನೋ ಸಹಿ ಹಾಕುತ್ತಿದ್ದರು. ತಲೆ ಎತ್ತದೆ, "ಎಂತ ತೀರ್ಮಾನ ಮೇಡಂ?" ಎಂದರು.

"ಶನಿವಾರ ಬೆಳಿಗ್ಗೆ ಲ್ಯಾಬ್ ಖಾಲಿ ಇರ್ತ್ ಸರ್" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಗೊತ್ತಿಲ್ಲ. ಹೊರಗೆ ಬಂದು ಸ್ಟಾಫ್ ರೂಮಿನಲ್ಲಿ ನೀರು ಕುಡಿದೆ. ವಾಪಸ್ ಹೋಗ್ಕಾ, ಇಲ್ಲ ಸರ್ ಅನ್ಕಾ ಎಂದು ಎರಡು ಸಲ ಎದ್ದೆ. ಹೋಗಲಿಲ್ಲ.

ಹದಿನಾರನೇ ತಾರೀಕಿನಿಂದ ಶುರು ಅಂತೆ. ಬೇಗ ಬಾ, ಮೊದಲ ದಿನ ಪ್ರೊಜೆಕ್ಟರ್ ಹಠ ಮಾಡುತ್ತದೆ. ಮಕ್ಕಳ ಎದುರು ನನ್ನನ್ನು ಮೇಡಂ ಎಂದೇ ಕರಿ. ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ನೀನು ಒಂದು ತಪ್ಪು ಹೇಳಿದರೆ ಎಲ್ಲರ ಎದುರೇ ತಿದ್ದುತ್ತೇನೆ, ಆಮೇಲೆ ಅಳಬೇಡ.

ಹೊಟ್ಟೆ ಉರಿಯುವುದು ನಿಂತಿಲ್ಲ. ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಆದ್ರೂ ಬಾ ಮಾರಾಯ್ತಿ.

ಅನಿಷಾ